ದುಡ್ಡಿಲ್ಲದ ಟೀಮು

ಹಾನುಬಾಳಿಂದ ಬಸ್ಸಲ್ಲಿ ಕಾಲೇಜಿಗೆ ಹೋಗೋ ನನ್ನ ಮಗಳು ಕಬಡ್ಡಿ ಟೀಮಿಗೆ ಹುಡ್ಗೀರ್ನ ಹುಡುಕ್ತಾವ್ಳೆ. ಶೂ ಕೊಡ್ಸೋಕೂ ದುಡ್ಡಿಲ್ಲ. ರೈಡರ್ ಹಿಂದೆ ಎಲ್ರೂ ಬೀಳ್ತಾರೆ ಕಣ್ರೇ. 2022ರಲ್ಲಿ ತಮಿಳ್ ತಲೈವಾಸ್‌ನೋರು ಪವನ್ ಸೆಹ್ರಾವತ್‌ಗೆ 2.26 ಕೋಟಿ ಸುರಿದ್ರು. ಮೊದಲ್ನೇ ಮ್ಯಾಚಲ್ಲೇ ಮಂಡಿಗೆ ಏಟಾಗಿ ಆ ಸೀಜನ್ನೇ ಹೋಯ್ತು.

ಇವ್ಳ ಲೆಕ್ಕ ಬೇರೆ. ಒಳ್ಳೇ ಹಿಡಿಯೋರು ಸಾಕಂತೆ. ಅಂಕಣದಲ್ಲಿ ಮೂರೇ ಜನ ಉಳ್ದಿದ್ದಾಗ ರೈಡರ್‌ನ ಕೆಡವಿದ್ರೆ ಎರಡು ಪಾಯಿಂಟು. ಗದ್ದೇಲಿ ನಾಟಿ ಹಾಕಿ ಕಾಲು ಗಟ್ಟಿಯಾದೋರು, ಕಾಫಿ ಮೂಟೆ ಎತ್ತೋರು ನಮ್ಮಲ್ಲಿ ಮನೆಮನೇಲವ್ರೆ. ಅಮ್ಮಂದಿರು ಬಿಡಬೇಕಲ್ಲ! "ಕತ್ತಲಾದ್ರೆ ಯಾರು ಕರ್ಕೊಂಡ್ ಬರ್ತಾರೆ?" ಅಂತಾರೆ, ತಪ್ಪೇನಿಲ್ಲ. ಅದ್ಕೇ ಪ್ರಾಕ್ಟೀಸ್ ಇದ್ದ ದಿನ ಕೊನೇ ಬಸ್ಸಿಗೆ ನಾನೇ ನಿಂತಿರ್ತೀನಿ, ಬಾಗ್ಲತನಕ ಬಿಡ್ತೀನಿ.

ಇನ್ನೂ ಇಬ್ರು ಬೇಕು. ಪಕ್ಕದ್ಮನೆ ಅಕ್ಕಾ, ನಿಮ್ಮ ಎರಡ್ನೇವ್ಳು ಕರು ಹಿಡಿಯೋದು ನೋಡಿದೀನಿ.