ಚಂದ್ರವಳ್ಳಿಯ ರೋಮನ್ ನಾಣ್ಯ

ರೋಮ್ ಎಂದೊಡನೆ ನನ್ನ ವಿದ್ಯಾರ್ಥಿಗಳಿಗೆ ಸೀಸರನ ಖಡ್ಗ ನೆನಪಾಗುತ್ತದೆ. ನನಗೋ ಚಿತ್ರದುರ್ಗದ ಚಂದ್ರವಳ್ಳಿಯ ಮಣ್ಣು. ಕ್ರಿ.ಶ. 14ರಿಂದ 37ರವರೆಗೆ ಆಳಿದ ತಿಬೇರಿಯಸ್ ಚಕ್ರವರ್ತಿಯ ಬೆಳ್ಳಿಯ ನಾಣ್ಯವೂ ನಮ್ಮ ಶಾತವಾಹನರ ನಾಣ್ಯಗಳೂ ಅಲ್ಲಿ ಒಂದೇ ನೆಲದಲ್ಲಿ ದೊರೆತಿವೆ. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಅಲ್ಲಿ ಉತ್ಖನನ ನಡೆಸಿ, ಮಣ್ಣಿನ ಪದರಗಳ ಕಾಲವನ್ನು ಇಂತಹ ಕುರುಹುಗಳಿಂದಲೇ ನಿರ್ಣಯಿಸಿದರು. ಕಡಲಾಚೆಯ ಬೆಳ್ಳಿ ನಮ್ಮ ಒಳನಾಡನ್ನು ಮುಟ್ಟಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆದರೆ ಅದೇ ನಾಣ್ಯ ಪದರದಿಂದ ಕಿತ್ತು ಅಕ್ಕಸಾಲಿಗನ ಮೂಸೆಯನ್ನು ಸೇರಿದ್ದರೆ? ಉಳಿಯುತ್ತಿದ್ದುದು ಬೆಳ್ಳಿಯ ತೂಕ ಮಾತ್ರ, ಚರಿತ್ರೆ ಕರಗಿಹೋಗುತ್ತಿತ್ತು. ಆದುದರಿಂದಲೇ ನಮ್ಮ ನಿಡೋಣಿಯ ರೈತಬಾಂಧವರಲ್ಲಿ ನನ್ನದೊಂದು ಬಿನ್ನಹ: ನೇಗಿಲಿಗೆ ಹಳೆಯ ನಾಣ್ಯವೇನಾದರೂ ತಾಗಿದರೆ, ಸಿಕ್ಕ ಸ್ಥಳವನ್ನು ಗುರುತಿಟ್ಟುಕೊಂಡು ಜಿಲ್ಲಾಧಿಕಾರಿಗಳಿಗೆ ತಿಳಿಸಿರಿ.