ನಮ್ಮೂರ ಬಾಲಿಕೆಯರೂ ಕಾಲ್ಚೆಂಡಾಟವೂ

ಶಾಲೆಯ ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ನಮ್ಮನ್ನು ಕೇಳಿದಾಗ, ಪಾಠಪ್ರವಚನಗಳನ್ನೂ ಗುರುಜನರನ್ನೂ ಕುರಿತು ಬರೆಯುವವರು ಬೇಕಾದಷ್ಟು ಮಂದಿ ಇರುವರೆಂದೂ, ಆಟದ ಬಯಲನ್ನು ಕುರಿತು ಬರೆಯುವವರು ವಿರಳವೆಂದೂ ನಮಗೆ ತೋರಿತು. ಆದುದರಿಂದ ಐವಾನ್-ಎ-ಶಾಹಿಯ ಸುತ್ತುಮುತ್ತಿನಲ್ಲಿ ವಾಸವಾಗಿರುವ ನಾವು ಕೆಲವರು ಹಳೆಯ ವಿದ್ಯಾರ್ಥಿನಿಯರು ಮೂರು ವರ್ಷಗಳಿಂದ ಕೈಕೊಂಡಿರುವ ಒಂದು ಸಣ್ಣ ಕಾರ್ಯವನ್ನು ಸೋದರಿಯರ ಮತ್ತು ಪಾಲಕರ ಮುಂದೆ ನಿವೇದಿಸುತ್ತೇವೆ. ನಮ್ಮೂರಿನ ಹೆಣ್ಣುಮಕ್ಕಳಲ್ಲಿ ಕಾಲ್ಚೆಂಡಾಟವು ಬೇರೂರುವಂತೆ ಮಾಡುವುದೇ ಆ ಕಾರ್ಯ.

ಕಾಲ್ಚೆಂಡಾಟವೆಂಬ ಒಂದೇ ಹೆಸರಿನ ಕೆಳಗೆ ಲೋಕದಲ್ಲಿ ಹಲವು ಆಟಗಳುಂಟು. ೧೮೬೩ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಎಂಬ ಸಂಘವು ಸ್ಥಾಪಿತವಾಗಿ, ಚೆಂಡನ್ನು ಕೈಯಲ್ಲಿ ಹಿಡಿದು ಓಡಕೂಡದೆಂದು ಕಟ್ಟಳೆ ಮಾಡಿತು. ಹಿಡಿದು ಓಡುವುದೇ ಆಟದ ಸೊಗಸೆಂದವರು ೧೮೭೧ರಲ್ಲಿ ರಗ್ಬಿಯ ಸಂಘವನ್ನು ಬೇರೆಯಾಗಿ ಕಟ್ಟಿಕೊಂಡರು. ಆಸ್ಟ್ರೇಲಿಯದವರಿಗೂ, ಐರ್ಲೆಂಡಿನವರಿಗೂ, ಅಮೇರಿಕದವರಿಗೂ ತಮ್ಮತಮ್ಮದೇ ಆದ ಬಗೆಗಳಿವೆ. ಇವುಗಳೆಲ್ಲದರಲ್ಲಿ ಮೊದಲು ಹೇಳಿದ ಬಗೆಯೇ ನಮ್ಮ ದೇಶದಲ್ಲಿ ಹರಡಿದುದಕ್ಕೆ ಕಾರಣವು ಸುಲಭವಾಗಿ ತಿಳಿಯತಕ್ಕುದಾಗಿದೆ. ಒಂದು ಚೆಂಡು, ಗುರಿಗೆ ನಾಲ್ಕು ಕಲ್ಲುಗಳು, ಒಂದಿಷ್ಟು ಬಯಲು, ಇಷ್ಟಿದ್ದರೆ ಆಟಕ್ಕೆ ಸಾಕು. ಬಡವರ ಮನೆಯ ಮಕ್ಕಳಿಗೆ ಇದಕ್ಕಿಂತ ಅಗ್ಗವಾದ ವಿನೋದವು ಮತ್ತೊಂದಿಲ್ಲ.

ಹೀಗಿದ್ದರೂ ಕಲಬುರಗಿಯಲ್ಲಿ ಹುಡುಗಿಯರು ಈ ಚೆಂಡನ್ನು ಒದೆಯುವುದು ಅಪೂರ್ವವಾದ ನೋಟವೇ ಸರಿ. ನಾವು ಓದುತ್ತಿದ್ದ ಕಾಲದಲ್ಲಿ ನಮ್ಮ ಪಾಲಿಗೆ ಬಂದುವು ಖೊ-ಖೊ, ಥ್ರೋಬಾಲ್, ರಿಂಗ್ ಮುಂತಾದ ಆಟಗಳು. ಅವುಗಳನ್ನು ನಾವು ಹೀನವೆನ್ನುವುದಿಲ್ಲ. ಅವೇ ನಮ್ಮ ಕಾಲುಗಳಿಗೆ ಚುರುಕನ್ನು ಕೊಟ್ಟುವು. ಆದರೆ ಗೋಡೆಯಾಚೆಯ ಬಯಲಿನಲ್ಲಿ ಹುಡುಗರು ಕಾಲ್ಚೆಂಡನ್ನು ಆಡುತ್ತಿರುವಾಗ ಅದು ನಮಗಲ್ಲವೆಂದು ಯಾರೂ ಬಾಯಿಬಿಟ್ಟು ಹೇಳದೆಯೇ ನಾವು ತಿಳಿದುಕೊಂಡಿದ್ದೆವು. ಹೇಳದೆ ಕಲಿತ ಇಂಥ ಪಾಠಗಳು ಪುಸ್ತಕದ ಪಾಠಗಳಿಗಿಂತ ಬಹುಕಾಲ ನೆನಪಿನಲ್ಲಿರುವುವು.

ಈ ಆಟವು ನಮ್ಮ ಸೀಮೆಗೆ ಪರಕೀಯವೆಂದು ಭಾವಿಸುವವರುಂಟು. ಚರಿತ್ರೆಯು ಬೇರೆ ಮಾತನ್ನು ಹೇಳುತ್ತದೆ. ೧೯೫೬ನೆಯ ನವೆಂಬರ್ ೧ರವರೆಗೆ ಕಲಬುರಗಿಯು ಹೈದರಾಬಾದ್ ರಾಜ್ಯಕ್ಕೆ ಸೇರಿದ್ದಿತು. ಆ ರಾಜ್ಯದ ರಾಜಧಾನಿಯ ಸಿಟಿ ಪೊಲೀಸ್ ತಂಡವು ೧೯೫೦ರಿಂದ ೧೯೫೪ರವರೆಗೆ ಬೊಂಬಾಯಿಯ ರೋವರ್ಸ್ ಕಪ್ಪನ್ನು ಐದು ವರ್ಷ ಎಡೆಬಿಡದೆ ಗೆದ್ದುಕೊಂಡಿತು. ಆ ತಂಡವನ್ನು ತಿದ್ದಿದ ಸೈಯದ್ ಅಬ್ದುಲ್ ರಹೀಮ್ ಸಾಹೇಬರು ಶಾಲೆಯ ಉಪಾಧ್ಯಾಯರಾಗಿದ್ದವರು. ಅವರ ಶಿಕ್ಷಣದಲ್ಲಿ ನಮ್ಮ ದೇಶದ ತಂಡವು ೧೯೫೧ರಲ್ಲಿ ದೆಹಲಿಯಲ್ಲಿಯೂ ೧೯೬೨ರಲ್ಲಿ ಜಕಾರ್ತದಲ್ಲಿಯೂ ಏಷ್ಯದ ಕ್ರೀಡೆಗಳ ಚಿನ್ನದ ಪದಕವನ್ನು ಪಡೆಯಿತು. ೧೯೫೬ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿತು. ಇತ್ತ ಕನ್ನಡ ನಾಡಿನ ಕಡೆಗೆ ನೋಡಿದರೆ, ಬೆಂಗಳೂರು ಮುಸ್ಲಿಮ್ಸ್ ತಂಡವು ೧೯೩೭ರಲ್ಲಿಯೂ ೧೯೩೮ರಲ್ಲಿಯೂ ಅದೇ ರೋವರ್ಸ್ ಕಪ್ಪನ್ನು ಗೆದ್ದಿತ್ತು. ಮೈಸೂರು ತಂಡವು ೧೯೪೬-೪೭ರಲ್ಲಿ ಮೊದಲ ಬಾರಿಗೆ ಸಂತೋಷ್ ಟ್ರೋಫಿಯನ್ನು ತಂದಿತು. ೧೯೬೮-೬೯ರಲ್ಲಿ ಗೆದ್ದ ಮೇಲೆ ೫೪ ವರ್ಷ ಕಾದು, ೨೦೨೩ನೆಯ ಮಾರ್ಚ್ ೪ರಂದು ರಿಯಾದ್ ನಗರದಲ್ಲಿ ಮೇಘಾಲಯವನ್ನು ೩-೨ರಿಂದ ಸೋಲಿಸಿ ಕರ್ನಾಟಕವು ಆ ಟ್ರೋಫಿಯನ್ನು ಮರಳಿ ಪಡೆಯಿತು.

ಹೀಗೆ ಆಟದಲ್ಲಿ ಹೆಸರಾದ ಎರಡು ನಗರಗಳ ನಡುವೆ ನಮ್ಮೂರು ಇದೆ. ಹೈದರಾಬಾದು ಸುಮಾರು ೨೨೦ ಕಿಲೋಮೀಟರು. ಬೆಂಗಳೂರು ೫೦೦ ಕಿಲೋಮೀಟರಿಗೂ ಮಿಕ್ಕು. ರಾಜ್ಯವು ಬದಲಾದ ಮೇಲೆ ಹತ್ತಿರದ ನಗರವು ಪರರಾಜ್ಯದ್ದಾಯಿತು. ನಮ್ಮ ರಾಜ್ಯದ ನಗರವು ದೂರದ್ದಾಯಿತು. ಆಯ್ಕೆಗೆ ಹೋಗಬೇಕಾದರೆ ಒಂದು ರಾತ್ರಿಯ ರೈಲು ಪ್ರಯಾಣ ಮಾಡಬೇಕು. ಗಂಡುಮಗನನ್ನಾದರೆ ತಂದೆಯು ಸ್ನೇಹಿತರ ಜೊತೆಯಲ್ಲಿ ಕಳುಹಿಸಿಯಾನು. ಹದಿನಾಲ್ಕು ವರ್ಷದ ಮಗಳನ್ನು ಕಳುಹಿಸಬೇಕಾದರೆ ತಾಯಿಯೋ ಅಣ್ಣನೋ ಎರಡು ದಿನದ ಕೂಲಿಯನ್ನು ಬಿಟ್ಟು ಜೊತೆಗೆ ಹೊರಡಬೇಕು. ಆಟವನ್ನು ಹರಡುವ ಮಾತನ್ನಾಡುವವರು ಮೊದಲು ಈ ಲೆಕ್ಕವನ್ನು ನೋಡತಕ್ಕುದು.

ನಾವು ಆರಂಭಿಸಿದಾಗ ಬಂದವರು ಒಂಬತ್ತು ಮಂದಿ ಹುಡುಗಿಯರು. ಹನ್ನೊಂದು ಮಂದಿಯ ತಂಡಕ್ಕೂ ಸಾಲದ ಸಂಖ್ಯೆ. ಆದುದರಿಂದ ನಾಲ್ವರು ಒಂದು ಕಡೆ, ಐವರು ಒಂದು ಕಡೆ ನಿಂತು ಆಡಿದರು. ಬೇಸಿಗೆಯಲ್ಲಿ ನಮ್ಮೂರಿನ ಬಿಸಿಲು ೪೦ ಡಿಗ್ರಿಯನ್ನು ಮೀರುವುದು ಓದುಗರಿಗೆ ವಿದಿತವೇ ಆಗಿದೆ. ಆ ತಿಂಗಳುಗಳಲ್ಲಿ ಬೆಳಗಿನ ಆರು ಗಂಟೆಗೆ ಆಟ, ಉಳಿದ ಕಾಲದಲ್ಲಿ ಶನಿವಾರ ಸಂಜೆ ಐದು ಗಂಟೆಗೆ. ನೆಲವೋ, ಎರೆಮಣ್ಣಿನ ನೆಲ. ಬೇಸಿಗೆಯಲ್ಲಿ ಬೆರಳು ಹೋಗುವಷ್ಟು ಬಿರುಕು ಬಿಡುವುದು. ಮಳೆ ಬಂದರೆ ಕಾಲಿಗೆ ಮಣಗಟ್ಟಲೆ ಅಂಟಿಕೊಳ್ಳುವುದು. ಆದುದರಿಂದ ಮೊರಮು ಹಾಸಿದ ಒಂದು ತುಂಡು ಬಯಲನ್ನು ಹುಡುಕಿಕೊಂಡೆವು.

ಬಯಲಿನ ಕಷ್ಟವನ್ನು ಇಲ್ಲಿ ಹೇಳಲೇಬೇಕಾಗಿದೆ. ಮೊದಲನೆಯ ವರ್ಷ ಒಂದು ಸಂಸ್ಥೆಯವರು ತಮ್ಮ ಬಯಲನ್ನು ದಯಮಾಡಿ ಕೊಟ್ಟಿದ್ದರು. ಎರಡನೆಯ ವರ್ಷ ಕ್ರಿಕೆಟ್ ಪಂದ್ಯಗಳಿಗೆ ಬೇಕೆಂದು, ಹುಡುಗಿಯರು ಬೇರೆಲ್ಲಿಯಾದರೂ ಆಡಿಕೊಳ್ಳಲೆಂದು ಹೇಳಿದರು. ಅವರನ್ನು ನಾವು ದೂಷಿಸುವುದಿಲ್ಲ. ಕ್ರಿಕೆಟಿಗೆ ನೋಡುವವರಿದ್ದಾರೆ, ಹಣ ಕೊಡುವವರಿದ್ದಾರೆ. ನಮಗೆ ಆಗ ಇದ್ದವರು ಹದಿನಾರು ಹುಡುಗಿಯರು ಮಾತ್ರ. ಆದರೆ ಬಯಲು ತಪ್ಪಿದ ಎರಡು ತಿಂಗಳಲ್ಲಿ ಆ ಹದಿನಾರರಲ್ಲಿ ಏಳು ಮಂದಿ ಬರುವುದನ್ನು ಬಿಟ್ಟರು. ಅವರ ಉತ್ಸಾಹವು ಕುಂದಿರಲಿಲ್ಲ. ಹೊಸ ಬಯಲು ಮನೆಗೆ ದೂರವಾಗಿತ್ತು, ಹಾದಿಯಲ್ಲಿ ದೀಪಗಳಿರಲಿಲ್ಲ.

ಇದು ನಮ್ಮೂರಿಗೆ ಮಾತ್ರ ಸೇರಿದ ಕಥೆಯಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಪ್ರೆಸ್ಟನ್ ನಗರದ ಡಿಕ್ ಕೆರ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಹೆಂಗಸರು ಒಂದು ತಂಡವನ್ನು ಕಟ್ಟಿದರು. ೧೯೨೦ನೆಯ ಡಿಸೆಂಬರ್ ೨೬ರಂದು ಲಿವರ್‌ಪೂಲ್ ನಗರದಲ್ಲಿ ಅವರ ಆಟವನ್ನು ನೋಡಲು ಸುಮಾರು ೫೩,೦೦೦ ಜನರು ಕೂಡಿದ್ದರು. ಮರುವರ್ಷದ ಡಿಸೆಂಬರಿನಲ್ಲಿ, ಈ ಆಟವು ಹೆಂಗಸರಿಗೆ ತಕ್ಕುದಲ್ಲವೆಂದು ಹೇಳಿ, ತನಗೆ ಸೇರಿದ ಸಂಘಗಳ ಬಯಲುಗಳಲ್ಲಿ ಅವರು ಆಡಕೂಡದೆಂದು ಫುಟ್‌ಬಾಲ್ ಅಸೋಸಿಯೇಷನ್ನು ನಿರ್ಣಯಿಸಿತು. ಆ ಕಟ್ಟು ಸಡಿಲವಾಗಲು ಸುಮಾರು ಐವತ್ತು ವರ್ಷ ಹಿಡಿಯಿತು. ನೋಡುವವರಿದ್ದರು, ಆಡುವವರಿದ್ದರು, ಬಯಲೊಂದನ್ನು ಕಸಿದುಕೊಂಡ ಮಾತ್ರಕ್ಕೆ ಅರ್ಧ ಶತಮಾನದ ಬೆಳೆ ಬಾಡಿತು. ಒಂದು ಆಟದ ಜನಪ್ರಿಯತೆಯು ಜನರ ಮನಸ್ಸಿನಲ್ಲಿ ಮಾತ್ರ ಇರುವುದಿಲ್ಲ, ಅದರ ಕಾಲ ಕೆಳಗಿನ ನೆಲದಲ್ಲಿಯೂ ಇರುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ.

ಎರಡನೆಯ ಕಷ್ಟವು ಮನೆಯೊಳಗಿನದು. ಒಬ್ಬ ತಾಯಿಯು ನಮ್ಮನ್ನು ಹೊಸ್ತಿಲಲ್ಲಿಯೇ ನಿಲ್ಲಿಸಿ, “ಅಕ್ಕಾರ, ಹುಡುಗಿ ಕಾಲ ಮುರಕೊಂಡ್ಲಂದ್ರ ನಾಳಿ ಆಕಿಗಿ ಯಾರ್ ಮಾಡ್ಕೋತಾರ್ರೀ?” ಎಂದು ಕೇಳಿದರು. ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ಸುಲಭ. ಆದರೆ ಆ ತಾಯಿಗೆ ಅದು ನಗೆಯ ಮಾತಾಗಿರಲಿಲ್ಲ. ನಾವು ವಾದಕ್ಕೆ ನಿಲ್ಲದೆ, “ಅವ್ವಾರ, ಶನಿವಾರ ಸಂಜಿಗಿ ನೀವೇ ಬಂದು ಕೂಡ್ರಿ. ಹ್ಯಾಂಗ ಆಡ್ತಾರ ನೋಡಿ ಆಮ್ಯಾಲೆ ಹೇಳ್ರಿ” ಎಂದೆವು. ಅವರು ಬಂದರು; ತಮ್ಮ ಅತ್ತೆಯವರನ್ನೂ ಕರೆತಂದರು. ಚಾಪೆಯ ಮೇಲೆ ಕುಳಿತ ಆ ವೃದ್ಧೆಯು ಮೊಮ್ಮಗಳ ಓಟವನ್ನು ಕಂಡು, “ನೀರಿನ ಕೊಡ ತಾ ಅಂದ್ರ ಈ ಪೋರಿ ಇಷ್ಟು ಜಲ್ದಿ ಓಡಂಗಿಲ್ಲ ನೋಡ್” ಎಂದಾಗ ಎಲ್ಲರೂ ನಕ್ಕರು. ಮುಂದಿನ ಶನಿವಾರ ಚಾಪೆಗಳು ಮೂರಾದುವು.

ಅಂದಿನಿಂದ ನಮಗೆ ಒಂದು ತತ್ತ್ವವು ದೃಢವಾಯಿತು. ದೊಡ್ಡ ನಗರಗಳಲ್ಲಿ ಆಟವು ಬೆಳೆಯಲು ದೀಪಗಳುಳ್ಳ ಕ್ರೀಡಾಂಗಣವೂ ಹೆಸರಾಂತ ಆಟಗಾರರೂ ಬೇಕಾಗಬಹುದು. ೨೦೧೩ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ತಂಡವು ಮೊದಲ ವರ್ಷವೇ ದೇಶದ ಲೀಗನ್ನು ಗೆದ್ದು ಸಾವಿರಾರು ಮಂದಿ ತರುಣರನ್ನು ಆಟದ ಕಡೆಗೆ ಸೆಳೆದುದು ನಿಜ. ನಮ್ಮಂಥ ಊರಿನಲ್ಲಿ ಮಾತ್ರ ಚಾಪೆಯೇ ಮೊದಲನೆಯ ಕ್ರೀಡಾಂಗಣ. ಹೆತ್ತವರು ಕಣ್ಣಾರೆ ಕಂಡ ಆಟವು ಮನೆಯ ಮಾತಾಗುವುದು. ಕಾಣದ ಆಟವು ಭಯದ ಮಾತಾಗುವುದು.

ನಮ್ಮ ರೈತರಿಂದಲೂ ನಾವು ಕಲಿತುದುಂಟು. ತೊಗರಿಯು ನಿಧಾನವಾಗಿ ಬೆಳೆಯುವ ಪೈರು. ಅದು ಫಲ ಕೊಡುವವರೆಗೆ ಕೈಕಟ್ಟಿ ಕುಳಿತರೆ ಒಕ್ಕಲುತನವು ನಡೆಯದು. ಆದುದರಿಂದ ನಡುವಣ ಸಾಲುಗಳಲ್ಲಿ ಹೆಸರನ್ನೋ ಉದ್ದನ್ನೋ ಅಕ್ಕಡಿಯಾಗಿ ಬಿತ್ತಿ ಮೊದಲೇ ಕೊಯ್ದುಕೊಳ್ಳುವರು. ಹಾಗೆಯೇ ಐದೈದು ಮಂದಿಯ ಸಣ್ಣ ಆಟವು ನಮ್ಮ ಹೆಸರಿನ ಸಾಲು. ಅದರ ಸಂತೋಷವು ಅಂದಂದಿಗೇ ಕೈಗೆ ಬರುವುದು. ಹನ್ನೊಂದು ಮಂದಿಯ ತಂಡ, ಕಮಲಾಪುರ ಮೊದಲಾದ ಸುತ್ತಣ ಊರುಗಳ ಶಾಲೆಗಳೊಡನೆ ಪಂದ್ಯ, ಜಿಲ್ಲೆಯ ಲೀಗು, ಇವು ತೊಗರಿಯ ಸಾಲು. ಇನ್ನೊಂದು ಏರ್ಪಾಟನ್ನೂ ಮಾಡಿದೆವು. ಎರಡು ವರ್ಷ ಆಡಿದ ಹುಡುಗಿಯು ತನಗಿಂತ ಚಿಕ್ಕವರಾದ ನಾಲ್ವರಿಗೆ ಕಲಿಸಬೇಕು. ಸೀಟಿಯನ್ನು ಅವಳ ಕೈಗೇ ಕೊಡಬೇಕು. ಹಿಂದೆ ವಾಲಿಬಾಲಿನಂಥ ಆಟಗಳು ನಮ್ಮ ದೇಶದ ಶಾಲೆಗಳಲ್ಲಿ ಹರಡಿದುದೂ ಇಂಥದೇ ಕ್ರಮದಿಂದ. ೧೯೨೦ರಲ್ಲಿ ಮದರಾಸಿನಲ್ಲಿ ಹ್ಯಾರಿ ಕ್ರೋ ಬಕ್ ಎಂಬವರು ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣ ಶಾಲೆಯನ್ನು ತೆರೆದು, ಕಲಿಸುವವರನ್ನು ಮೊದಲು ತಯಾರಿಸಿದರು. ಕಲಿಸುವವರಿದ್ದಲ್ಲಿ ಆಟವು ತಾನಾಗಿಯೇ ಹೋಗಿ ಸೇರುವುದು.

ಆದರೂ ನಮ್ಮ ಕಾರ್ಯವೆಲ್ಲವೂ ಸಫಲವೆಂದು ಹೇಳಿಕೊಳ್ಳಲಾರೆವು. ನಮ್ಮ ಗುಂಪಿನಲ್ಲಿ ಗುರಿಯನ್ನು ಕಾಯುತ್ತಿದ್ದ ಒಬ್ಬ ಹುಡುಗಿಯಿದ್ದಳು. ಒಂಬತ್ತನೆಯ ತರಗತಿಯವಳು, ಚೆಂಡು ಎತ್ತ ಬರುವುದೆಂಬುದನ್ನು ಒದೆಯುವವಳಿಗಿಂತ ಮೊದಲೇ ಅರಿಯುವಳು. ಒಂದು ಶನಿವಾರ ಅವಳು ಬರಲಿಲ್ಲ; ಮರುವಾರವೂ ಬರಲಿಲ್ಲ. ಮನೆಗೆ ಹೋಗಿ ವಿಚಾರಿಸಿದಾಗ, ಅಣ್ಣನ ಗೆಳೆಯರು ಏನೋ ಆಡಿಕೊಂಡರೆಂದೂ, ಇನ್ನು ಮುಂದೆ ಕಳುಹಿಸುವುದಿಲ್ಲವೆಂದೂ ತಿಳಿಯಿತು. ತಂದೆಯು ಸಭ್ಯರು, ನಮಗೆ ಚಹಾ ಕೊಟ್ಟು, “ನಿಮ್ಮ ಮ್ಯಾಲ ಸಿಟ್ಟಿಲ್ರೀ, ಮಂದಿ ಬಾಯಿ ಹ್ಯಾಂಗ ಮುಚ್ಚೂದು?” ಎಂದರು. ಹುಡುಗಿಯು ಒಳಗಿನ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳಿಗೆ ಕೊಟ್ಟಿದ್ದ ಕೈಗವಸುಗಳನ್ನು ಒಗೆದು, ಮಡಚಿ, ಕಾಗದದಲ್ಲಿ ಸುತ್ತಿ ಹಿಂದಿರುಗಿಸಿದಳು. ಅವಳು ಈಗಲೂ ಶಾಲೆಗೆ ಹೋಗುತ್ತಿರುವಳು, ಓದಿನಲ್ಲಿ ಮುಂದಿರುವಳು. ಆಟಕ್ಕೆ ಮಾತ್ರ ಬಂದಿಲ್ಲ. ಆ ಕೈಗವಸುಗಳನ್ನು ನಾವು ಇನ್ನೂ ಬೇರೆಯವರಿಗೆ ಕೊಟ್ಟಿಲ್ಲ.

ಇಂಥ ಹುಡುಗಿಯರು ಆಡಿ ಏನನ್ನು ಗಳಿಸಬೇಕೆಂದು ಕೇಳುವವರಿಗೆ ದೇಶದ ಕಡೆಗೆ ನೋಡಿರೆನ್ನುತ್ತೇವೆ. ಮಣಿಪುರದ ಬೆಂಬೆಮ್ ದೇವಿಯವರು ಬಾಲ್ಯದಲ್ಲಿ ಹುಡುಗರ ಜೊತೆಯಲ್ಲಿ ಆಡಿ ಬೆಳೆದು, ದೇಶದ ತಂಡಕ್ಕೆ ನಾಯಕಿಯಾಗಿ, ೨೦೧೭ರಲ್ಲಿ ಅರ್ಜುನ ಪ್ರಶಸ್ತಿಯನ್ನೂ ೨೦೨೦ರಲ್ಲಿ ಪದ್ಮಶ್ರೀಯನ್ನೂ ಪಡೆದರು. ೨೦೨೩ರಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡದ ಹೆಣ್ಣುಮಕ್ಕಳು ದೇಶದ ಮಹಿಳಾ ಲೀಗಿನ ಅಂತಿಮ ಪಂದ್ಯವನ್ನು ಮುಟ್ಟಿದರು. ೨೦೨೫ನೆಯ ಜುಲೈ ೫ರಂದು ನಮ್ಮ ದೇಶದ ಹೆಣ್ಣುಮಕ್ಕಳು ಥಾಯ್ಲೆಂಡ್ ತಂಡವನ್ನು ಅವರ ನೆಲದಲ್ಲಿಯೇ ೨-೧ರಿಂದ ಸೋಲಿಸಿ, ೨೦೨೬ರ ಏಷ್ಯ ಕಪ್ಪಿಗೆ ಅರ್ಹತೆಯನ್ನು ಪಡೆದರು. ಅವರೆಲ್ಲರಿಗೂ ಮೊದಲು ಯಾವುದೋ ಒಂದು ಊರಿನಲ್ಲಿ ಒಂದು ತುಂಡು ಬಯಲೂ, ಹೋಗಿ ಬಾ ಎನ್ನುವ ಮನೆಯೂ ದೊರೆತಿರಲೇಬೇಕಷ್ಟೆ.

ನಮ್ಮೂರಿನ ಎಲ್ಲ ಹುಡುಗಿಯರೂ ಅಷ್ಟು ಎತ್ತರಕ್ಕೆ ಏರಬೇಕೆಂಬ ಆಶೆ ನಮಗಿಲ್ಲ. ಎಡವಿ ಬಿದ್ದು ಎದ್ದ ಹುಡುಗಿಯು ತರಗತಿಯಲ್ಲಿ ಪ್ರಶ್ನೆ ಕೇಳಲು ಅಂಜುವುದಿಲ್ಲವೆಂಬುದನ್ನು ನಾವು ಕಂಡಿದ್ದೇವೆ. ಹಿಂದಕ್ಕೆ ಸರಿದು ಮಾತನಾಡುತ್ತಿದ್ದವಳು ಬಯಲಿನ ಆ ಕಡೆಯಿಂದ “ಇತ್ತ ಕೊಡ” ಎಂದು ಕೂಗುವುದನ್ನು ಕೇಳಿದ್ದೇವೆ. ಇಷ್ಟು ಫಲವು ನಮಗೆ ಸಾಕು.

ಪಾಲಕರಲ್ಲಿಯೂ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನಮ್ಮ ಬಿನ್ನಹವು ಮೂರು. ಹಣವನ್ನು ನಾವು ಕೇಳುವುದಿಲ್ಲ. ಚೆಂಡಿಗೆ ಸಾಲುವಷ್ಟು ನಮ್ಮಲ್ಲಿಯೇ ಕೂಡುತ್ತದೆ. ಬಯಲುಳ್ಳವರು ವಾರಕ್ಕೊಂದು ಗಂಟೆ ಅದನ್ನು ಬಿಟ್ಟುಕೊಡಲಿ, ಕೊಟ್ಟುದನ್ನು ನಡುವಿನಲ್ಲಿ ಹಿಂತೆಗೆದುಕೊಳ್ಳದಿರಲಿ. ಆಯ್ಕೆಗಾಗಿ ಬೆಂಗಳೂರಿಗೆ ಹೋಗುವ ಹುಡುಗಿಗೆ ಅಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿನಿಯರು ಎರಡು ರಾತ್ರಿ ಮನೆಯಲ್ಲಿ ಸ್ಥಳ ಕೊಡಲಿ. ತಾಯಂದಿರು ಒಂದು ಶನಿವಾರ ಸಂಜೆ ಬಂದು ಕುಳಿತು ನೋಡಲಿ. ಚಾಪೆಯನ್ನು ನಾವು ಹಾಸಿಡುತ್ತೇವೆ.