ಎಣ್ಣೆ ಡಬ್ಬಿ ಮತ್ತು ಥ್ಯಾಂಕ್ಯೂ ಲೆಟರ್

ಥರ್ಡ್ ಸೆಮ್‌ನಲ್ಲಿ ನನ್ನ ಸೆಮಿನಾರ್‌ಗೆ ಬಂದ ಹೆಸರು ಜಾನ್ ಡಿ. ರಾಕ್‌ಫೆಲ್ಲರ್. ಹತ್ತು ನಿಮಿಷ ಮಾತಾಡಿ ಕೂತೆ, ಮಾರ್ಕ್ಸೂ ಬಂತು. ಕ್ಲಬ್ಬಿನವರು ಅದನ್ನೇ ಕನ್ನಡದಲ್ಲಿ ಬರಿ ಅಂದಾಗ, ಸ್ಲೈಡ್‌ನಲ್ಲಿ ಹಾಕದೇ ಬಿಟ್ಟಿದ್ದೆಲ್ಲ ನೆನಪಾಯಿತು. (ಒತ್ತಕ್ಷರ ತಪ್ಪಿದ್ದರೆ ಕ್ಷಮಿಸಿ, ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ.)

ರೋಣದಲ್ಲಿ ಅಪ್ಪನದು ಅಡುಗೆ ಎಣ್ಣೆಯ ಹೋಲ್‌ಸೇಲ್ ಅಂಗಡಿ ಇತ್ತು. 15 ಕೆಜಿ ಡಬ್ಬಿಗಳು ಟಂಟಂ ಗಾಡಿಯಲ್ಲಿ ಗಜೇಂದ್ರಗಡ, ನರಗುಂದದ ತನಕ ಹೋಗುತ್ತಿದ್ದವು. ಸಣ್ಣ ಕಿರಾಣಿಯವರಿಗೆ ಉದ್ರಿ ಕೊಟ್ಟು, ಸಂತೆ ಆದಮೇಲೆ ರೊಕ್ಕ ಇಸ್ಕೊಂಡು ಬರುತ್ತಿದ್ದ. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ದೊಡ್ಡ ಕಂಪನಿ ಆ ಕಿರಾಣಿಗಳಿಗೇ ನೇರವಾಗಿ ಮಾಲು ಹಾಕಲು ಶುರು ಮಾಡಿತು. ಅಪ್ಪ ಕೊಂಡು ತರುವ ರೇಟಿಗಿಂತ ಅವರು ಮಾರುವ ರೇಟು ಕಡಿಮೆ. ಎರಡು ವರ್ಷ ತಡೆದ. ಆಮೇಲೆ ಶಟರ್ ಎಳೆದ.

ರಾಕ್‌ಫೆಲ್ಲರ್ ಮಾಡಿದ್ದೂ ಎಣ್ಣೆ ವ್ಯಾಪಾರವೇ, ಆದರೆ ಚಿಮಣಿ ಎಣ್ಣೆ. 1870ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಟ್ಟಿದ. ದಿನಾ ಇಷ್ಟು ಮಾಲು ಕೊಡುತ್ತೇನೆ ಅಂತ ಹೇಳಿ ರೈಲ್ವೆ ಕಂಪನಿಗಳಿಂದ ಗುಟ್ಟಾಗಿ ಬಾಡಿಗೆ ರಿಯಾಯಿತಿ ಪಡೆದ. 1872ರ ಒಂದು ಸ್ಕೀಮಿನಲ್ಲಂತೂ ಎದುರಾಳಿಗಳು ಕಟ್ಟುವ ಬಾಡಿಗೆಯಲ್ಲೂ ಇವನ ಗುಂಪಿಗೆ ಪಾಲು! ಗಲಾಟೆಯಾಗಿ ಸ್ಕೀಮು ನಿಂತಿತು. ಆದರೆ ಅಷ್ಟರಲ್ಲಿ ಕ್ಲೀವ್‌ಲ್ಯಾಂಡಿನ 26 ರಿಫೈನರಿಗಳಲ್ಲಿ 22ರ ಮಾಲೀಕರು ಹೆದರಿ ಅವನಿಗೇ ಮಾರಿಬಿಟ್ಟಿದ್ದರು. ಮುಂದಿನ ಹತ್ತು ವರ್ಷದಲ್ಲಿ ಅಮೆರಿಕದ ಸುಮಾರು ಶೇ. 90ರಷ್ಟು ರಿಫೈನಿಂಗ್ ಅವನ ಕೈಗೆ ಬಂತು. ಎಣ್ಣೆ ಬೆಲೆ ಇಳಿದದ್ದೂ ನಿಜ. ಅಪ್ಪನ ಗಿರಾಕಿಗಳಿಗೂ ಸೋವಿ ಆಯಿತಲ್ಲ, ಹಾಗೇ.

ಇಡಾ ಟಾರ್ಬೆಲ್ ಎಂಬ ಪತ್ರಕರ್ತೆ 1904ರಲ್ಲಿ ಇದನ್ನೆಲ್ಲ ದಾಖಲೆ ಸಮೇತ ಪುಸ್ತಕ ಮಾಡಿದಳು. ಅವಳ ಅಪ್ಪನೂ ಪೆನ್ಸಿಲ್ವೇನಿಯಾದ ಎಣ್ಣೆ ಸೀಮೆಯ ಸಣ್ಣ ಉದ್ಯಮಿ, ಸ್ಟ್ಯಾಂಡರ್ಡ್ ಆಯಿಲ್‌ನಿಂದ ಪೆಟ್ಟು ತಿಂದವ. ಅದನ್ನು ಓದಿದ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿಟ್ಟು ಹಾಸ್ಟೆಲ್ ಟೆರೇಸಿಗೆ ಹೋಗಿ ಕೂತಿದ್ದೆ. 1911ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕಂಪನಿಯನ್ನು 34 ತುಂಡು ಮಾಡಿತು. ತುಂಡುಗಳ ಷೇರು ಏರಿ ಅವನು ಇನ್ನಷ್ಟು ಶ್ರೀಮಂತನಾದ, ಅದು ಬೇರೆ ಮಾತು.

1913ರಲ್ಲಿ ರಾಕ್‌ಫೆಲ್ಲರ್ ಫೌಂಡೇಶನ್ ಬಂತು. ಅದರ ನೆರವು ನಮ್ಮ ದೇಶದ ಜೋಳದ ಸಂಶೋಧನೆಗೂ ಸಿಕ್ಕಿತು, 1964ರಲ್ಲಿ ಸಿಎಸ್‌ಎಚ್-1 ಎಂಬ ಮೊದಲ ಹೈಬ್ರಿಡ್ ಜೋಳ ಬಿಡುಗಡೆಯಾಯಿತು. ನರಗುಂದದಲ್ಲಿರುವ ಆಯಿಗೆ ಫೋನ್ ಮಾಡಿ ಕೇಳಿದೆ. "ಹಾಯ್‌ಬ್ರೀಡ್ ಜ್ವಾಳಾ? ರೊಟ್ಟಿ ಬಡದ್ರ ಹರೀತಿದ್ವು, ರುಚಿನೂ ಇರಲಿಲ್ಲ. ಆದ್ರ ಬರಗಾಲದಾಗ ಅದನ್ನ ತಿಂದ ಬದುಕೀವಿ" ಅಂದಳು.

ಇನ್ನು ಸ್ಲೈಡ್‌ನಲ್ಲಿ ಇರದ ಇನ್ನೊಂದು ವಿಷಯ. ನನ್ನ ಫೀ ಕಟ್ಟುತ್ತಿರುವುದು ಒಂದು ಫೌಂಡೇಶನ್. ಅದು ಅದೇ ಎಣ್ಣೆ ಕಂಪನಿಯದು. ಅರ್ಜಿ ತುಂಬುವಾಗ ಅಪ್ಪನಿಗೂ ಗೊತ್ತಿತ್ತು. ತಂದೆಯ ಉದ್ಯೋಗ ಎಂಬಲ್ಲಿ 'ವ್ಯಾಪಾರ' ಎಂದು ಬರೆದು, ಹೊಡೆದು ಹಾಕಿ, 'ಖಾಸಗಿ ನೌಕರಿ' ಎಂದು ಬರೆದಿದ್ದ. ಈಗ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ.

ಪ್ರತಿ ವರ್ಷ ಫೌಂಡೇಶನ್‌ಗೆ ಥ್ಯಾಂಕ್ಯೂ ಲೆಟರ್ ಕೊಡಬೇಕು. ಹೋದ ವರ್ಷ ಐದು ನಿಮಿಷದಲ್ಲಿ ಬರೆದು ಕಳಿಸಿದ್ದೆ. ಈ ಸಲ ಎರಡು ಸಲ ಬರೆದು ಹರಿದೆ. ಅಪ್ಪನಿಗೆ ಹೇಳಿದರೆ, "ಚಂದಂಗ ಬರಿ ಯವ್ವಾ. ಅವರ ರೊಕ್ಕ ಅಂತ ಬ್ಯಾಸರ ಮಾಡ್ಕೋಬ್ಯಾಡ. ಅದ್ರಾಗ ನಮ್ಮ ಅಂಗಡೀದೂ ಸ್ವಲ್ಪ ಐತಿ" ಎಂದು ನಕ್ಕ.

ಲೆಟರ್ ಕೊಡಲು ಶುಕ್ರವಾರ ಕೊನೇ ದಿನ.